ಗುಮ್ಮಣ್ಣನಿಗೆ ಅಳು ಕಲಿಸಿದವಳು

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಶಿಶುಗೃಹದಲ್ಲಿ ನಮಗೆಲ್ಲ ಅವಳು ಗೊಣಗಮ್ಮ. ಹಾಲು ಬಿಸಿಯಾದರೂ ಗೊಣಗುತ್ತಿದ್ದಳು, ತಣ್ಣಗಾದರೂ ಗೊಣಗುತ್ತಿದ್ದಳು. ಹತ್ತೊಂಬತ್ತು ವರ್ಷ ಕೂಸುಗಳನ್ನು ಎತ್ತಿ ಎತ್ತಿ ಎಡ ಸೊಂಟ ಸ್ವಲ್ಪ ಸೊಟ್ಟಗಾಗಿತ್ತು. ನಾನು ಅದೇ ಕೋಣೆಯ ಇನ್ನೊಬ್ಬ ಆಯಾ, ಅವಳಿಗಿಂತ ಚಿಕ್ಕವಳು. ಎದುರಿಗೆ ಅಕ್ಕ ಎನ್ನುತ್ತಿದ್ದೆ.

ಹೆತ್ತವರಿಲ್ಲದ ಹನ್ನೆರಡು ಕೂಸುಗಳು, ಮೂರು ಸಾಲು ತೊಟ್ಟಿಲು, ಹಗಲಿಗೆ ಮೂವರು ಆಯಾಗಳು. ಪ್ರತಿ ಸೋಮವಾರ ನಮ್ಮ ಸಾಲು ಬದಲಾಗಬೇಕು. ಯಾರದು ಯಾವ ಸಾಲು ಎಂದು ತಿಳಿಯಲು ಎದೆಯ ಮೇಲೆ ಸಂಖ್ಯೆಯ ಬಿಲ್ಲೆ. "ಒಬ್ಬರನ್ನೇ ಹಚ್ಚಿಕೊಂಡ್ರೆ ನಾಳೆ ಇಲ್ಲಿಂದ ಹೋಗುವಾಗ ಮಗುಗೇ ಕಷ್ಟ" ಎಂದು ಮೇಲ್ವಿಚಾರಕಿ ಮೇಡಂ ಹೇಳುತ್ತಿದ್ದರು. ಕೆಟ್ಟ ಹೆಂಗಸೇನಲ್ಲ. ಅದೇ ನೋಡಿ ಸಂಕಟ. ಕೆಟ್ಟವರಾಗಿದ್ದರೆ ಮನಸಾರೆ ಬೈದುಕೊಂಡಾದರೂ ಇರಬಹುದಿತ್ತು.

ಒಂದನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ, ಎಂಟು ತಿಂಗಳ ಗಂಡು ಕೂಸೊಂದಿತ್ತು. ಹಸಿದರೂ ಅಳದು, ಒದ್ದೆಯಾದರೂ ಅಳದು. ಯಾರು ಎತ್ತಿಕೊಂಡರೂ ಅದಕ್ಕೆ ಒಂದೇ, ಇಳಿಸಿದರೂ ಒಂದೇ. ಗೊಣಗಮ್ಮ ಅದಕ್ಕೆ ಗುಮ್ಮಣ್ಣ ಎಂದು ಹೆಸರಿಟ್ಟಿದ್ದಳು. ಮೇಡಂ ಮಾತ್ರ ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸುತ್ತಿದ್ದರು: "ಚಿನ್ನದಂಥ ಮಗು. ಯಾರ ಹತ್ರ ಬೇಕಾದ್ರೂ ಹೋಗುತ್ತೆ."

"ಚಿನ್ನವಂತೆ ಚಿನ್ನ!" ಗೊಣಗಮ್ಮ ನನ್ನೆದುರು ಹರಿಹಾಯುತ್ತಿದ್ದಳು. "ಅತ್ರೆ ಬರೋರು ಯಾರು ಅಂತಾನೇ ಗೊತ್ತಿಲ್ಲದ ಕೂಸು ಯಾಕಾದ್ರೂ ಅಳುತ್ತೆ? ವಾರಕ್ಕೊಂದು ಮುಖ ತೋರಿಸಿ ನಾವೇ ಅದರ ಬಾಯಿ ಮುಚ್ಚಿಸಿದ್ದೀವಿ. ಇದಕ್ಕೆ ಈಗಲೇ ಯಾರಾದ್ರೂ ಒಬ್ರು ಬೇಕು ಕಣೇ. ಇಲ್ಲಾಂದ್ರೆ ನಾಳೆ ತಾಯಿ ಅಂತ ಯಾರು ಬಂದ್ರೂ ಇದಕ್ಕೆ ಬೇಕು ಅಂತ ಅನ್ಸೋದೇ ಇಲ್ಲ."

ಮೇಡಂಗೂ ಮೂರು ಸಲ ಹೇಳಿದಳು. ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೊಂದು ಸೋಮವಾರ ನನ್ನನ್ನು ಮೂಲೆಗೆ ಎಳೆದಳು. "ಬಿಲ್ಲೆ ಬಿಚ್ಚು."

ಮೇಡಂ ಬೆಳಿಗ್ಗೆ ಒಮ್ಮೆ ಬಂದು ಬಿಲ್ಲೆ ನೋಡಿ ಹೋಗುತ್ತಿದ್ದರು. ಅವರು ಅತ್ತ ಹೋದದ್ದೇ ತಡ, ಒಂದನೆಯ ಸಾಲು ಯಾರ ಪಾಲಿಗೆ ಬಂದಿದ್ದರೂ ಅವರೊಂದಿಗೆ ಗೊಣಗಮ್ಮನ ಬಿಲ್ಲೆ ಅದಲುಬದಲಾಗುತ್ತಿತ್ತು. ಹೀಗೆ ಹತ್ತು ವಾರ. ಅವಳು ಗುಮ್ಮಣ್ಣನ ಬಟ್ಟೆ ಬದಲಿಸುವಾಗಲೂ ಗೊಣಗುತ್ತಿದ್ದಳು, ಹಾಲು ಕುಡಿಸುವಾಗಲೂ ಗೊಣಗುತ್ತಿದ್ದಳು. ನಾಲ್ಕನೆಯ ವಾರಕ್ಕೆ ಆ ಗೊಣಗಾಟ ಬಂದ ಕಡೆಗೆ ಕೂಸು ಕತ್ತು ತಿರುಗಿಸತೊಡಗಿತು. ಏಳನೆಯ ವಾರ ನಕ್ಕಿತು. ಹತ್ತನೆಯ ವಾರ ಅವಳು ಹಾಲಿನ ಬಾಟಲಿ ತರಲು ಹೊರಗೆ ಹೋದಾಗ ಸೂರು ಹಾರುವ ಹಾಗೆ ಕಿರುಚಿತು.

ಗೊಣಗಮ್ಮ ಓಡಿ ಬಂದಳು. "ಅತ್ತ! ಕೇಳಿಸ್ತೇನೇ? ನಾನು ಹೋದೆ ಅಂತ ಅತ್ತ!" ಅವಳ ಕಣ್ಣಲ್ಲೂ ನೀರು. ಅವಳು ಗೊಣಗದೆ ನಿಂತದ್ದನ್ನು ನಾನು ಕಂಡದ್ದು ಅವತ್ತೇ.

ಆದರೆ ಅಳು ಅಲ್ಲಿಗೇ ನಿಲ್ಲಬೇಕಲ್ಲ! ಅವಳು ಬಾಗಿಲು ದಾಟಿದರೆ ಸಾಕು, ರಂಪ. ಮೇಡಂ ಗಾಬರಿಯಾಗಿ ಡಾಕ್ಟರನ್ನು ಕರೆಸಿದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹಲ್ಲು ಬರುತ್ತಿರಬೇಕು ಎಂದು ಹನಿ ಔಷಧಿ ಬರೆದರು. ಅಷ್ಟರಲ್ಲಿ ಗೊಣಗಮ್ಮ ಕೂಸನ್ನು ಎತ್ತಿಕೊಂಡಳು. ಅಳು ಗಪ್ಪನೆ ನಿಂತಿತು. ಮೇಡಂ ಬಿಲ್ಲೆ ನೋಡಿದರು, ಆ ವಾರ ಯಾರಿಗೆ ಯಾವ ಸಾಲು ಎಂದು ಬರೆದಿದ್ದ ಗೋಡೆಯ ಪಟ್ಟಿ ನೋಡಿದರು. ಕಳ್ಳತನ ಬಯಲಾಯಿತು. ನನಗೂ ಇನ್ನೊಬ್ಬ ಆಯಾಗೂ ಬೈಗುಳ, ಅವಳಿಗೆ ಕೆಳಮಹಡಿಯಲ್ಲಿ ಬಟ್ಟೆ ಒಗೆಯುವ ಕೆಲಸ.

ಗುಮ್ಮಣ್ಣ ಮೂರು ದಿನ ಅತ್ತ. ನಾನು ಎತ್ತಿಕೊಂಡರೆ ನನ್ನ ಎದೆಗೆ ಒದ್ದು ಬಾಗಿಲು ನೋಡುತ್ತಿದ್ದ. ನಾಲ್ಕನೆಯ ದಿನ ಸುಮ್ಮನಾಗಿ ಮತ್ತೆ ಸೂರು ನೋಡುತ್ತ ಮಲಗಿದ. "ನೋಡಿದ್ಯಾ, ಸರಿಹೋಯ್ತು" ಎಂದರು ಮೇಡಂ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಆದರೂ ಕೆಲಸದ ಭಯ, ಪಕ್ಕದ ತೊಟ್ಟಿಲಿನ ಕೂಸಿಗೆ ಬಟ್ಟೆ ಬದಲಿಸಲು ಹೋದೆ.

ಮಾರನೆಯ ದಿನ ಮಗುವನ್ನು ದತ್ತು ಪಡೆಯಲು ಗಂಡ ಹೆಂಡತಿ ಇಬ್ಬರು ಬಂದರು. ಮೇಡಂ ಗುಮ್ಮಣ್ಣನನ್ನು ಆ ಹೆಂಗಸಿನ ಕೈಗಿತ್ತರು. ಅವನು ಮೂಟೆಯ ಹಾಗೆ ಕೂತ. ಅದೇ ಹೊತ್ತಿಗೆ ಗೊಣಗಮ್ಮ ಒಗೆದ ಬಟ್ಟೆಯ ರಾಶಿ ಹೊತ್ತು ಒಳಗೆ ಬಂದಳು. ಅವನು ಎರಡೂ ಕೈ ಚಾಚಿ ಹೋ ಎಂದು ಅತ್ತ.

ಮೇಡಂ ಮುಖ ಕಪ್ಪಿಟ್ಟಿತು. "ಯಾರಿವರು?" ಎಂದಳು ಆ ಹೆಂಗಸು.

"ಬಟ್ಟೆ ಒಗೆಯೋಳು."

ಗೊಣಗಮ್ಮ ರಾಶಿಯನ್ನು ನೆಲಕ್ಕಿಳಿಸಿ ನೇರವಾಗಿ ಆ ಹೆಂಗಸಿಗೇ ಹೇಳಿದಳು: "ಹೆದರಬೇಡಿ ತಾಯಿ. ನನ್ನ ಹಚ್ಚಿಕೊಂಡೋನು ನಿಮ್ಮನ್ನೂ ಹಚ್ಚಿಕೊಳ್ತಾನೆ. ಕಾಗದಪತ್ರ ಮುಗಿಯೋ ತನಕ ದಿನಾ ಬನ್ನಿ. ನಾನು ಎತ್ಕೊಂಡಿರ್ತೀನಿ, ನೀವು ಹಾಲು ಕುಡಿಸಿ. ಆಮೇಲೆ ನೀವು ಎತ್ಕೊಳ್ಳಿ, ನಾನು ಪಕ್ಕದಲ್ಲಿರ್ತೀನಿ. ಕೊನೇಗೆ ನಾನು ಬರೋದೇ ಇಲ್ಲ."

ಬಂದವರೆದುರು ಮೇಡಂ ಹೂಂ ಎನ್ನಲೇಬೇಕಾಯಿತು. ಹಾಗೆಯೇ ನಡೆಯಿತು. ಕೊನೆಯ ದಿನ ಗೊಣಗಮ್ಮ ಮಾತಿನಂತೆ ಮೇಲೆ ಬರಲಿಲ್ಲ.

ಅವರು ಗುಮ್ಮಣ್ಣನನ್ನು ಕರೆದೊಯ್ದು ತಿಂಗಳಾದ ಮೇಲೆ ಆ ತಾಯಿಯ ಫೋನು ಬಂತು. ಮೇಡಂ ನನಗೆ ಸಿಡುಕುತ್ತ ಹೇಳಿದರು: "ಸೊಂಟ ಬಿಟ್ಟು ಇಳಿಯಲ್ವಂತೆ. ಸ್ನಾನಕ್ಕೂ ಬಿಡಲ್ವಂತೆ. ಚಿನ್ನದಂಥ ಮಗೂನ ಕೆಡಿಸಿಟ್ರಿ."

ನಾನು ಕೆಳಗೋಡಿ ವಿಷಯ ಹೇಳಿದೆ. ಗೊಣಗಮ್ಮ ಬಟ್ಟೆ ಹಿಂಡುತ್ತಿದ್ದಳು. "ನನ್ನ ನೆನೆಸ್ಕೊಂಡು ಅಳ್ತಾನಂತಾ?"

"ಇಲ್ಲ ಅಕ್ಕ. ಅವರಮ್ಮ ಕಾಣದಿದ್ರೆ."

ಅವಳು ಹಿಂಡಿದ್ದ ಬಟ್ಟೆಯನ್ನೇ ಮತ್ತೆ ನೀರಿಗದ್ದಿ ಇನ್ನೊಮ್ಮೆ ಹಿಂಡಿದಳು. ಆಮೇಲೆ ಎಂದಿನಂತೆ ಸಿಡುಕಿದಳು: "ಇಲ್ಲೇನು ನಿಂತಿದ್ದೀಯ? ಮೇಲೆ ಹನ್ನೊಂದು ಕೂಸಿವೆ, ಒಂದೂ ಅಳ್ತಿಲ್ಲ. ಹೋಗೇ."