ತಿಂಡಿ ಆಯ್ತಾ?

ಗುರುದೇವಿಗೆ ಇಪ್ಪತ್ತೈದು ತುಂಬುವಷ್ಟರಲ್ಲಿ ಅವಳನ್ನು ತಿದ್ದಲು ಹೊರಟವರಿಗೆ ಲೆಕ್ಕವೇ ಇರಲಿಲ್ಲ. ಶಾಲೆಯಲ್ಲಿ ಮೇಷ್ಟರು ಅಕ್ಷರ ತಿದ್ದಿದರು, ಅದೊಂದು ಸರಿ. ಸೋದರತ್ತೆ ನಡಿಗೆ ತಿದ್ದಿದಳು. ರೋಣದಿಂದ ನೋಡಲು ಬಂದ ಗಂಡಿನ ಕಡೆಯವರು, ಹುಡುಗಿ ಗಟ್ಟಿಯಾಗಿ ನಗುತ್ತಾಳೆ, ಅದೊಂದನ್ನು ಬಿಟ್ಟರೆ ನಮ್ಮ ಒಪ್ಪಿಗೆ ಇದೆ ಎಂದು ಹೇಳಿ ಕಳಿಸಿದರು. ಅದನ್ನು ಕೇಳಿ ಅವಳು ಇನ್ನೂ ಗಟ್ಟಿಯಾಗಿ ನಕ್ಕಳು. ಮಾತು ಅಲ್ಲಿಗೇ ನಿಂತಿತು. ಆದರೆ ಅವಳ ಸೋದರಮಾವ ಆ ಗಂಡನ್ನು ಕೈಬಿಟ್ಟಿರಲಿಲ್ಲ. "ಬೆಂಗಳೂರಾಗ ಎಷ್ಟ ದಿನ ಇರ್ತಾಳ? ಬರ್ತಾಳ ತಗೋ" ಎಂದು ಊರಲ್ಲಿ ಕಾಯುತ್ತಾ ಕೂತಿದ್ದ.

ಬೆಂಗಳೂರಿಗೆ ಬಂದರೆ, ಇಲ್ಲಿ ಅವಳ ನಾಲಿಗೆ ತಿದ್ದುವ ಕೆಲಸ ಶುರುವಾಯಿತು.

ಬಸವೇಶ್ವರನಗರದ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ಅವಳಿಗೆ ಕೌಂಟರ್ ಕೆಲಸ ಸಿಕ್ಕಿತ್ತು. ಮೂರು ತಿಂಗಳು ಪ್ರೊಬೇಷನ್. ಮೊದಲ ದಿನ ಪಕ್ಕದ ಕುರ್ಚಿಯ ರಮ್ಯಶ್ರೀ, ಇಲ್ಲೇ ಶ್ರೀಗಂಧದ ಕಾವಲು ಬಡಾವಣೆಯ ಹುಡುಗಿ, ನಗುತ್ತಾ ಕೇಳಿದಳು: "ತಿಂಡಿ ಆಯ್ತಾ?"

ಗುರುದೇವಿ ತಬ್ಬಿಬ್ಬಾದಳು. ಬೆಂಗಳೂರಿನಲ್ಲಿ ತಿಂಡಿಯೆಂದರೆ ಇಡ್ಲಿ, ದೋಸೆ. ಅವಳ ಊರಿನ ಕಡೆ ಅದು ನಾಷ್ಟಾ, ತಿಂಡಿಯೆಂದರೆ ತುರಿಕೆ. ಕಾಲು ಕೆರೆದು ಜಗಳಕ್ಕೆ ಬಂದವನನ್ನೂ "ಯಾಕ, ತಿಂಡಿ ಐತೇನು?" ಎಂದೇ ವಿಚಾರಿಸಿಕೊಳ್ಳುತ್ತಾರೆ. ಚರ್ಮದ ದವಾಖಾನೆಯಲ್ಲವೇ, ಕೆಲಸಕ್ಕೆ ಬಂದವರನ್ನೂ ಮೊದಲು ಪರೀಕ್ಷೆ ಮಾಡುತ್ತಾರೇನೋ ಎಂದುಕೊಂಡು, "ಇಲ್ರೀ, ನನಗ ಹಂಗೇನೂ ಇಲ್ಲ" ಎಂದಳು. ಪಾಪ, ಹಸಿದುಕೊಂಡು ಬಂದಿದ್ದಾಳೆ ಎಂದು ರಮ್ಯಶ್ರೀ ತನ್ನ ಡಬ್ಬಿಯಿಂದ ಎರಡು ಇಡ್ಲಿ ಎತ್ತಿ ಕೊಟ್ಟಳು. ಇಡ್ಲಿ ಬಾಯಿಗಿಟ್ಟ ಮೇಲೆ ಗುರುದೇವಿಗೆ ವಿಷಯ ಹೊಳೆಯಿತು. ನಗು ಗಂಟಲವರೆಗೆ ಬಂತು. ಹಳ್ಳಿ ಗುಗ್ಗು ಎಂದುಕೊಂಡಾರು ಎಂಬ ನಾಚಿಕೆಗೆ ನುಂಗಿಬಿಟ್ಟಳು, ಯಾರಿಗೂ ಹೇಳಲಿಲ್ಲ.

ಮ್ಯಾನೇಜರ್ ಮಧುಕುಮಾರ್‌ಗೆ ಎಲ್ಲವೂ ನೀಟಾಗಿರಬೇಕು. ಅವಳು ಫೋನ್ ಎತ್ತಿ "ಹಲೋ, ಹೇಳ್ರಿ" ಎಂದಾಗಲೆಲ್ಲ ಅವನ ಹಣೆ ಗಂಟಾಗುತ್ತಿತ್ತು. "ಸ್ವಲ್ಪ ಡೀಸೆಂಟ್ ಕನ್ನಡ ಕಲೀರಿ ಗುರುದೇವಿ. ಜಗಳ ಆಡ್ದಂಗೆ ಕೇಳ್ಸುತ್ತೆ" ಎಂದ. ಎರಡನೇ ತಿಂಗಳು ಅವಳನ್ನು ಹಿಂದಿನ ಫೈಲ್ ರೂಮಿಗೆ ದಬ್ಬಿದ. ಮೂರನೇ ತಿಂಗಳ ಕೊನೆಯಲ್ಲಿ ಒಂದು ಹಾಳೆ ಕೊಟ್ಟ. 'ನನ್ನ ಭಾಷೆಯನ್ನು ಸುಧಾರಿಸಿಕೊಳ್ಳುತ್ತೇನೆ' ಎಂದು ಅದರಲ್ಲಿ ಅಚ್ಚಾಗಿತ್ತು. ಶನಿವಾರದೊಳಗೆ ಸಹಿ ಮಾಡಬೇಕು, ಇಲ್ಲದಿದ್ದರೆ ಸೋಮವಾರ ಬರಬೇಕಾಗಿಲ್ಲ.

ಲಗ್ಗೆರೆಯ ರೂಮಿನಲ್ಲಿ ಅವಳು ಕನ್ನಡಿ ಮುಂದೆ ನಿಂತು "ಹೋಗ್ತಾ ಇದೀನಿ, ಬರ್ತಾ ಇದೀನಿ" ಎಂದು ಅಭ್ಯಾಸ ಮಾಡಿದಳು. ಅದೇ ರಾಗದಲ್ಲಿ ಅವ್ವನಿಗೆ ಫೋನ್ ಮಾಡಿದರೆ, ಅವ್ವ ಗಾಬರಿಯಾದಳು. "ಯಾಕ ಹಿಂಗ ಮಾತಾಡಾಕತ್ತಿ? ಆರಾಮ ಇಲ್ಲೇನು? ದವಾಖಾನಿಗಿ ತೋರ್ಸು." ಫೋನಿಟ್ಟು ಗುರುದೇವಿ ಅತ್ತಳು. ಇಲ್ಲಿಯವರಿಗೂ ಬೇಡ, ಅಲ್ಲಿಯವರಿಗೂ ಗುರುತು ಸಿಗದು, ಇನ್ನು ತಾನು ಯಾರ ಹಾಗೆ ಮಾತಾಡಬೇಕು ಎಂದು ಸಿಟ್ಟೂ ಬಂತು. ಆದರೂ ಕೆಲಸ ಹೋದರೆ ಊರು, ಊರಲ್ಲಿ ಮಾವ, ಮಾವನ ಪಕ್ಕದಲ್ಲಿ ಆ ಗಂಡು. ಸಹಿ ಮಾಡುವುದೆಂದು ತೀರ್ಮಾನಿಸಿ, ಶನಿವಾರ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಬಂದಳು.

ಫೈಲ್ ಜೋಡಿಸುತ್ತಿದ್ದಾಗ ಕೌಂಟರಿನ ಮಾತು ಕಿವಿಗೆ ಬಿತ್ತು. ಬಂದಿದ್ದವಳು ಹೊನ್ನವ್ವ, ನಂದಿನಿ ಲೇಔಟಿನಲ್ಲಿ ಮನೆ ಕಟ್ಟುವ ಕಡೆ ಸಿಮೆಂಟು ಹೊರುವವಳು. ಮಾತ್ರೆ ಕೊಡುವ ಮೊದಲು ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಆಗಬೇಕೆಂದು ಡಾಕ್ಟರು ಹೇಳಿದ್ದರು.

"ತಿಂಡಿ ಆಗಿದ್ಯಾ ಅಮ್ಮಾ?" ಎಂದು ರಮ್ಯಶ್ರೀ ಕೇಳಿದಳು.

"ಹೂನ್ರೀ ಅಕ್ಕಾರ, ಭಾಳ ಆಗೈತ್ರೀ."

"ಇವತ್ತೂ ಆಗಿದ್ಯಾ? ಎಷ್ಟು ಸಲ ಹೇಳೋದು? ತಿಂಡಿ ಆಗಿದ್ರೆ ಬ್ಲಡ್ ತಗೊಳ್ಳಕ್ಕಾಗಲ್ಲ. ತಿಂಡಿ ಇಲ್ದೆ ಬನ್ನಿ ಅಮ್ಮಾ."

"ತಿಂಡಿ ಇಲ್ದಿದ್ರ ನಾ ಇಲ್ಲಿಗ್ಯಾಕ ಬರ್ಲಿ ಅಕ್ಕಾರ?"

ಮೂರು ತಿಂಗಳು ನುಂಗಿಟ್ಟ ನಗು ಒಮ್ಮೆಲೇ ಹೊರಗೆ ಬಂತು. ಕೈಯಲ್ಲಿದ್ದ ಫೈಲುಗಳು ನೆಲಕ್ಕೆ ಬಿದ್ದವು. ಗುರುದೇವಿ ನಗುತ್ತಲೇ ಹೊರಗೆ ಓಡಿ ಬಂದಳು. "ಎಷ್ಟ ಸಲ ಬಂದೀಯವ್ವಾ?"

"ಇದು ಮೂರನೇ ಸಲ ಮಗಳ. ಏನೂ ತಿನ್ನಬ್ಯಾಡ ಅಂದಿದ್ರು. ಮೂರೂ ದಿನ ಉಪಾಸ ಬಂದೀನಿ. ಹೊಳ್ಳಿ ಕಳಸಾಕತ್ತಾರ."

ಗುರುದೇವಿಯ ನಗು ಇಂಗಿಹೋಯಿತು. ಹೊನ್ನವ್ವನ ಅಂಗೈ ಬಿರಿದು ರಕ್ತ ಒಸರುತ್ತಿತ್ತು. ಮೊದಲ ದಿನವೇ ಆ ಇಡ್ಲಿಯ ಕಥೆ ಹೇಳಿ ನಕ್ಕಿದ್ದರೆ ಈ ಹೆಂಗಸು ಮೂರು ದಿನ ಹಸಿದು ಅಲೆಯುತ್ತಿರಲಿಲ್ಲ. ತನ್ನ ನಾಚಿಕೆಯ ಮೇಲೆ ಅವಳಿಗೆ ಅಸಹ್ಯವಾಯಿತು.

"ಅವರೇ ತಿಂಡಿ ಆಗಿದೆ ಅಂದ್ರಲ್ಲೇ!" ಎಂದಳು ರಮ್ಯಶ್ರೀ.

"ನಮ್ಮ ಕಡೆ ತಿಂಡಿ ಅಂದ್ರ ತುರಿಕಿ. ತುರಿಕಿ ಐತೇನು ಅಂತ ನೀ ಕೇಳಾಕತ್ತಿ, ಆಕಿ ಹೂಂ ಅನ್ನಾಕತ್ತಾಳ."

ರಮ್ಯಶ್ರೀ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಹಾಗಾದ್ರೆ ಫಸ್ಟ್ ಡೇ ನಾನು ನಿನ್ನ..."

"ಹೂಂ. ತುರಿಕಿ ಇಲ್ಲ ಅಂದಿದ್ದಕ್ಕ ಎರಡು ಇಡ್ಲಿ ಕೊಟ್ಟಿ."

ಕಾಯುತ್ತಾ ಕೂತಿದ್ದವರೂ ನಕ್ಕರು. ಹೊನ್ನವ್ವನ ರಕ್ತ ತೆಗೆದದ್ದಾಯಿತು. ಅವಳು ಹೊರಗೆ ಬರುವಷ್ಟರಲ್ಲಿ ರಮ್ಯಶ್ರೀ ತನ್ನ ಡಬ್ಬಿಯನ್ನು ಪೂರ್ತಿ ಬಿಚ್ಚಿ ಅವಳ ಮುಂದಿಟ್ಟಿದ್ದಳು.

ಗಲಾಟೆ ಕೇಳಿ ಮಧುಕುಮಾರ್ ಬಂದ. "ಇದು ಕ್ಲಿನಿಕ್ಕಾ, ಸಂತೇನಾ? ಗುರುದೇವಿ, ಆ ಲೆಟರ್ ಎಲ್ಲಿ?"

ಅವಳು ಬ್ಯಾಗಿನಿಂದ ಹಾಳೆ ತೆಗೆದು, ಸಹಿಯಿಲ್ಲದೆ ಕೌಂಟರಿನ ಮೇಲಿಟ್ಟಳು. "ಸರ, ಈ ಅವ್ವನ್ನ ಮೂರು ದಿನ ಉಪಾಸ ಕೆಡವಿದ್ದು ನಿಮ್ಮ ಡೀಸೆಂಟ್ ಕನ್ನಡ. ಒಳಗ ಕರದಿದ್ದು ನಂದು. ನಾ ಸಹಿ ಮಾಡಂಗಿಲ್ಲ. ತಿದ್ದೂದಿದ್ರ ಈ ಹಾಳಿ ತಿದ್ರಿ."

"ಹಾಗಾದ್ರೆ ಸೋಮವಾರ ಬರ್ಬೇಡಿ."

"ಬರ್ತೀನ್ರಿ" ಎಂದಳು ಗುರುದೇವಿ.

ಬಂದಳು. ಭಾನುವಾರವಿಡೀ ಮಾವನ ಮುಖವೇ ಕಣ್ಣ ಮುಂದೆ ಬಂದಿತ್ತು. ಆದರೂ ಫೈಲ್ ರೂಮಿನ ಕಡೆ ತಿರುಗದೆ ನೇರ ಕೌಂಟರಿಗೆ ನಡೆದಳು. ಅವಳ ಹಳೆಯ ಕುರ್ಚಿಯನ್ನು ರಮ್ಯಶ್ರೀ ಒರೆಸಿ ಇಟ್ಟಿದ್ದಳು.

"ಬೆಳಿಗ್ಗೆಯಿಂದ ನಿಮ್ಮ ಕಡೆಯವರು ಮೂರು ಜನ ಫೋನ್ ಮಾಡಿದ್ರು. ನಂಗೊಂದೂ ಅರ್ಥ ಆಗ್ಲಿಲ್ಲ, ಅವಳಿಲ್ದೆ ಆಗಲ್ಲ ಅಂತ ಸಾರ್‌ಗೆ ಹೇಳಿದೀನಿ" ಎಂದು ರಮ್ಯಶ್ರೀ ಪಿಸುಗುಟ್ಟಿದಳು. "ಅರ್ಥ ಆಗಿತ್ತು ಕಣೇ. ಹೇಳ್ಲಿಲ್ಲ ಅಷ್ಟೇ."

ಮಧುಕುಮಾರ್ ಬಾಗಿಲು ತೆರೆದು ಹೊರಗೆ ಬಂದ. ಗುರುದೇವಿಯನ್ನು ನೋಡಿದ, ತುಂಬಿದ ಬೆಂಚುಗಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಬೆಂಗಳೂರಿನವನಿಗೆ ಮಾತು ತೋಚದಾಗ ಬಾಯಿಗೆ ಬರುವುದೇ ಅವನ ಬಾಯಿಗೂ ಬಂತು.

"ತಿಂಡಿ ಆಯ್ತಾ?"

"ಭಾಳ ಐತ್ರಿ ಸರ" ಎಂದಳು ಗುರುದೇವಿ. "ಯಾಕ, ತೋರಿಸಲೇನು?"

ರಮ್ಯಶ್ರೀ ಮೇಜಿನ ಕೆಳಗೆ ಬಗ್ಗಿ ನಕ್ಕಳು. ಗುರುದೇವಿ ಬಗ್ಗಲಿಲ್ಲ. ರೋಣದ ಆ ಗಂಡಿಗೂ ಕೇಳಿಸಲಿ ಎನ್ನುವಷ್ಟು ಗಟ್ಟಿಯಾಗಿ ನಕ್ಕು, ಹೊಡೆದುಕೊಳ್ಳುತ್ತಿದ್ದ ಫೋನ್ ಎತ್ತಿದಳು.

"ಹಲೋ, ಹೇಳ್ರಿ."