ಅಳತೆಗೆ ನಿಂತ ದೊಡ್ಡಪ್ಪ

ಅರಣ್ಯ ಇಲಾಖೆಯಲ್ಲಿ ನಮ್ಮ ದೊಡ್ಡಪ್ಪನ ಕೆಲಸ ಮರದ ಪಕ್ಕ ನಿಲ್ಲುವುದು. ನಗಬೇಡಿ. ಗಣತಿಗೆ ಆರಿಸಿದ ಮರಗಳ ಫೋಟೊ ತೆಗೆದು, ಫೋಟೊದಲ್ಲೇ ಅಳೆಯುತ್ತಿದ್ದರು. ಅಳತೆಗೆಂದು ಪಕ್ಕದಲ್ಲಿ ನಿಲ್ಲಿಸುತ್ತಿದ್ದ ಕೋಲು ಎಂದೋ ಮುರಿದಿತ್ತು. ಹೊಸದು ಬರುವವರೆಗೆ ಇರಲಿ ಎಂದು ದೊಡ್ಡಪ್ಪನನ್ನು ನಿಲ್ಲಿಸಿದರು. ಕೋಲು ಬರಲೇ ಇಲ್ಲ, ದೊಡ್ಡಪ್ಪ ಖಾಯಂ ಆದರು. ಅವರ ಎತ್ತರ ಐದಡಿ ಎಂಟಂಗುಲ ಎಂದು ಕಚೇರಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದರು. ಅದಕ್ಕೆ ಹೋಲಿಸಿ ಮರದ ಎತ್ತರ, ದಪ್ಪ ನೋಡಿದರೆ ಲೆಕ್ಕ ಮುಗಿಯಿತು. ಮನೆಯಲ್ಲಿ ದೊಡ್ಡಮ್ಮ ಅವರನ್ನು ಕರೆಯುತ್ತಿದ್ದದ್ದೂ "ಸರ್ಕಾರಿ ಕೋಲು" ಎಂದೇ.

ಗೋಡೆಯ ಬರಹಕ್ಕೆ ವಯಸ್ಸಾಗಲಿಲ್ಲ, ದೊಡ್ಡಪ್ಪನಿಗೆ ಆಯಿತು. ಬೆನ್ನು ಬಾಗಿ ಅವರು ಗಿಡ್ಡವಾದಷ್ಟೂ ಲೆಕ್ಕದಲ್ಲಿ ಮರಗಳು ದಪ್ಪವಾದವು. ಕಾಡು ಬೆಳೆಯುತ್ತಿದೆ ಎಂದು ಸಾಹೇಬರು ಹಿಗ್ಗಿ ಹೀರೇಕಾಯಿಯಾದರು.

ಅಷ್ಟರಲ್ಲಿ ದಪ್ಪ ಮರಗಳನ್ನೆಲ್ಲ ಕಡಿಯಬೇಕೆಂದು ಆದೇಶ ಬಂತು. ಮುಂದೆ ಫೋಟೊ ತೆಗೆಯಬೇಕಿದ್ದದ್ದು ದೊಡ್ಡಪ್ಪ ಕೆಲಸಕ್ಕೆ ಸೇರಿದ ವರ್ಷ ತಾವೇ ನೆಟ್ಟ ಮರದ್ದು. ಅವರ ಮಧ್ಯಾಹ್ನದ ಊಟ, ನಿದ್ದೆ ಎಲ್ಲ ಅದರ ಬುಡದಲ್ಲೇ. ಅದೆಂದರೆ ಅವರಿಗೆ ಪ್ರಾಣ.

"ಮರ ಲೆಕ್ಕದಲ್ಲಿ ಬರೋವಷ್ಟು ದಪ್ಪ ಇಲ್ಲ ಸಾರ್, ನಾನೇ ಕುಗ್ಗಿದ್ದೀನಿ" ಎಂದು ಗೋಗರೆದರು.

ಸಾಹೇಬರು ಗೋಡೆ ತೋರಿಸಿದರು. "ಅಲ್ಲಿ ಬರೆದಿದೆಯಲ್ರೀ. ಅಳತೆಗೋಲು ಎಲ್ಲಾದ್ರೂ ಕುಗ್ಗುತ್ತಾ?"

ದೊಡ್ಡಪ್ಪ ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬಂದರು. ದೊಡ್ಡಮ್ಮನಿಗೆ ರೇಗಿತು. "ಕುಗ್ಗಿದ್ದು ಅವ್ರಿಗೆ ಕಾಣಲ್ಲ ಅಂದ್ರೆ ಬೆಳೆದದ್ದೂ ಕಾಣಲ್ಲ. ಬೆಳೀರಿ!"

ಫೋಟೊ ತೆಗೆಯುವವನು ದೊಡ್ಡಮ್ಮನ ಸ್ವಂತ ತಮ್ಮ. ಮರುದಿನ ಅವನು ಕ್ಯಾಮೆರಾ ಹಿಡಿದು, "ಭಾವ, ಒಂದು ಹೆಜ್ಜೆ ಮುಂದೆ ಬನ್ನಿ. ಇನ್ನೂ ಸ್ವಲ್ಪ. ಇನ್ನೂ" ಎಂದು ಕರೆಯುತ್ತಲೇ ಹೋದ. ಕೊನೆಗೆ ಫೋಟೊ ತುಂಬ ದೊಡ್ಡಪ್ಪನೇ ನಿಂತಿದ್ದರು. ಮರ ಅವರ ಮೊಣಕೈಯ ಹಿಂದೆಲ್ಲೋ ಇಣುಕುತ್ತಿತ್ತು.

ಸಾಹೇಬರು ಶ್ರದ್ಧೆಯಿಂದ ಅಳೆದು ಬರೆದರು: "ಇದು ಎಳೆಯ ಸಸಿ. ಕಡಿಯಕೂಡದು. ಗಾಳಿಗೆ ಬಾಗದಂತೆ ಆಸರೆಗೆ ಕೋಲು ಕೊಡತಕ್ಕದ್ದು."

ಇಷ್ಟು ವರ್ಷ ಬಾರದ ಕೋಲು ಮರುದಿನವೇ ಬಂತು.

ದೊಡ್ಡಪ್ಪ ಅದನ್ನು ಮರದ ಬುಡಕ್ಕೆ ಒಯ್ದು, ಕತ್ತೆತ್ತಿ ತುದಿ ನೋಡಲು ಹೋದರು. ಬೆನ್ನು ಬಿಡಲಿಲ್ಲ. ಆ ಕೋಲನ್ನೇ ಊರಿಕೊಂಡು ಮನೆಗೆ ಬಂದರು.

"ಸಸಿ ಹೇಗಿದೆ?" ಎಂದು ದೊಡ್ಡಮ್ಮ ಬಾಗಿಲಲ್ಲೇ ಕೇಳಿದರು.

"ನೆಟ್ಟಗಿದೆ ಕಣೇ" ಎಂದರು ದೊಡ್ಡಪ್ಪ.