ಇಲಿಯಕ್ಕ ಸಹಿ ಹಾಕಲಿಲ್ಲ

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಬಾಗಿಲು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವರು ಇಲಿಯಕ್ಕ. ಪ್ರಾಣಿಮನೆಯ ನೆಲ ಒರೆಸುವ ಕೆಲಸಕ್ಕೆ ಸೇರಿದವರು, ಹತ್ತೊಂಬತ್ತು ವರ್ಷದಲ್ಲಿ ಇನ್ನೂರು ಇಲಿಗಳ ಪೂರ್ತಿ ಉಸ್ತುವಾರಿಯನ್ನು ಕೈಗೆ ತೆಗೆದುಕೊಂಡಿದ್ದರು. ಇಲಿಯನ್ನು ಬಾಲ ಹಿಡಿದು ಎತ್ತುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎಂಥ ದೊಡ್ಡ ಪದವೀಧರನಾಗಲಿ, ನಿಮ್ಮನ್ನು ಕಿವಿ ಹಿಡಿದು ಎತ್ತಿದರೆ ಹೇಗಿರುತ್ತೆ ಎಂದು ಕೇಳಿಯೇ ಕೇಳುತ್ತಿದ್ದರು.

ನಾನು ಮೇಲಿನ ಮಹಡಿಯಲ್ಲಿ ಯಂತ್ರ ನೋಡಿಕೊಳ್ಳುವವನು. ಆಳೆತ್ತರದ ಅಯಸ್ಕಾಂತ ಅದು. ಆ ಕೋಣೆಗೆ ಕಾಲಿಡುವ ಮೊದಲು ಗಡಿಯಾರ, ಬೀಗದ ಕೈ ಎಲ್ಲವನ್ನೂ ಹೊರಗಿನ ತಟ್ಟೆಯಲ್ಲಿ ಬಿಟ್ಟು ಬರಬೇಕು. ಇಲಿಯ ಹತ್ತು ಹನಿ ಮೂತ್ರವನ್ನು ಕಡ್ಡಿಯಂಥ ಗಾಜಿನ ಕೊಳವೆಗೆ ಹಾಕಿ ಒಳಗಿಳಿಸಿದರೆ ಪರದೆಯ ಮೇಲೆ ಸಾಲಾಗಿ ಗೆರೆಗಳು ಏಳುತ್ತವೆ. ಒಂದೊಂದು ಗೆರೆಯೂ ದೇಹ ತನ್ನ ಪಾಡಿಗೆ ಕೆಲಸ ಮಾಡುತ್ತ ಹೊರಗೆ ಹಾಕಿದ ಒಂದೊಂದು ಪದಾರ್ಥದ್ದು. ಯಕೃತ್ತಿಗೆ ಪೆಟ್ಟು ಬಿದ್ದರೆ ಕೆಲವು ಗೆರೆ ಏರುತ್ತವೆ, ಮೂತ್ರಪಿಂಡಕ್ಕೆ ಬಿದ್ದರೆ ಬೇರೆ ಕೆಲವು. ಎಷ್ಟೋ ಸಲ ರಕ್ತಪರೀಕ್ಷೆಗೆ ಸುಳಿವು ಸಿಗುವ ಮುಂಚೆಯೇ ಇಲ್ಲಿ ಸಿಕ್ಕಿರುತ್ತದೆ. ಇದನ್ನೆಲ್ಲ ನಾನು ಒಮ್ಮೆ ಇಲಿಯಕ್ಕನಿಗೆ ವಿವರಿಸಿದಾಗ ಅವರು ಸಾವಕಾಶವಾಗಿ ಕೇಳಿಸಿಕೊಂಡು, "ಬಚ್ಚಲ ನೀರು ನೋಡಿ ಒಳಗೆ ಏನು ಅಡುಗೆ ಅಂತ ಹೇಳೋದು, ಅಷ್ಟೇ ತಾನೆ?" ಎಂದಿದ್ದರು. ಅಷ್ಟೇ.

ಆ ವರ್ಷ ಕೀಲುನೋವಿನ ಹೊಸ ಗುಳಿಗೆಯೊಂದು ಪರೀಕ್ಷೆಗೆ ಬಂದಿತ್ತು. ನಲವತ್ತು ಇಲಿ, ನಾಲ್ಕು ಗುಂಪು, ನಾಲ್ಕು ದಿನ. ಒಂದಕ್ಕೆ ಔಷಧಿಯೇ ಇಲ್ಲ, ಉಳಿದವಕ್ಕೆ ಸ್ವಲ್ಪ, ಮಧ್ಯಮ, ಜಾಸ್ತಿ. ದಿನದಲ್ಲಿ ಕೆಲವು ಗಂಟೆ ಅವು ಜಾಲರಿ ನೆಲದ ಪಂಜರದಲ್ಲಿರುತ್ತಿದ್ದವು. ಕೆಳಗಿನ ಆಲಿಕೆಯಿಂದ ಹಿಕ್ಕೆ ಒಂದು ಕಡೆಗೆ, ಮೂತ್ರ ಮಂಜುಗಡ್ಡೆಯೊಳಗೆ ಹುಗಿದ ಕೊಳವೆಗೆ. ಬೆಳಿಗ್ಗೆ ಮೇವು ತೂಗಿ ಹಾಕುವುದು, ಮರುದಿನ ಉಳಿದದ್ದನ್ನು ತೂಗಿ ಬರೆದಿಡುವುದು ಇಲಿಯಕ್ಕನ ಕೆಲಸ.

ಮೂರನೆಯ ದಿನ ಅವರು ಮಾದರಿಗಳ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ಜಾಸ್ತಿ ಔಷಧಿಯ ಗುಂಪಿನವು ಸಪ್ಪಗಿವೆ ಎಂದರು. ಮೇವೇನೋ ತಿನ್ನುತ್ತಿವೆ, ಆದರೆ ಗೂಡಿಗೆಂದು ಹಾಕಿದ ಕಾಗದವನ್ನು ಯಾವುದೂ ಹರಿದಿಲ್ಲ. ಮೈ ಚೆನ್ನಾಗಿದ್ದ ಇಲಿ ಕಾಗದವನ್ನು ಸುಮ್ಮನೆ ಬಿಡುವುದಿಲ್ಲವಂತೆ. ನಾನು ನಕ್ಕೆ.

ನಾಲ್ಕನೆಯ ದಿನ ನನ್ನ ನಗು ನಿಂತಿತು. ಅದೇ ಗುಂಪಿನ ಹತ್ತರಲ್ಲಿ ಎಂಟು ಇಲಿಗಳಲ್ಲಿ ಯಕೃತ್ತಿನ ತೊಂದರೆ ತೋರಿಸುವ ಎರಡು ಗೆರೆಗಳು ಉಳಿದವನ್ನೆಲ್ಲ ಮೀರಿ ಎದ್ದಿದ್ದವು. ರಕ್ತದಲ್ಲಿ ಮಾತ್ರ ಏನೂ ಇಲ್ಲ. ಹಾಳೆಗಳನ್ನು ಮಡಚಿಕೊಂಡು ನಾನು ನಿರ್ದೇಶಕರ ಕೋಣೆಗೆ ಹೋದೆ.

ನಿರ್ದೇಶಕರು ಮೂರ್ಖರಲ್ಲ. ವಿಷಯ ತಿಳಿದವರಾದ್ದರಿಂದಲೇ ತಪ್ಪಿಸಿಕೊಳ್ಳುವ ದಾರಿಯೂ ಅವರಿಗೆ ತಿಳಿದಿತ್ತು. ಮೇವು ಬದಲಾದರೂ ಮೂತ್ರದ ಗೆರೆಗಳು ಏರುಪೇರಾಗುತ್ತವೆ ಎಂದರು. ಅದು ನಿಜ. ಆ ವಾರವೇ ಬೇರೆ ಮೇವಿನ ಚೀಲಗಳು ಬಂದಿದ್ದವಲ್ಲ ಎಂದರು. ಅದೂ ನಿಜ. ಹಾಗಾದರೆ ಪ್ರಾಣಿಮನೆಯಲ್ಲಿ ಕೈತಪ್ಪಾಗಿ ಆ ಗುಂಪಿಗೆ ಮಾತ್ರ ಹೊಸ ಮೇವು ಬಿದ್ದಿದೆ, ಆ ಹತ್ತು ಇಲಿಗಳನ್ನು ಲೆಕ್ಕದಿಂದ ತೆಗೆದು ವರದಿ ಬರೆಯಿರಿ ಎಂದರು. ಗುಳಿಗೆಯ ಕಂಪನಿ ತಿಂಗಳ ಕೊನೆಗೆ ವರದಿ ಕೇಳಿತ್ತು.

ಮೇವು ಬದಲಾದರೆ ಅಲುಗಾಡಲೇಬೇಕಾದ ಗೆರೆ ಬೇರೆಯೇ ಒಂದಿದೆ. ಅದು ಇದ್ದಲ್ಲೇ ಇತ್ತು. ಅಷ್ಟನ್ನು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವನು ನಾನೇ ಏಕಾಗಬೇಕು ಎಂದುಕೊಂಡು "ಆಯ್ತು ಸರ್" ಎಂದು ಎದ್ದು ಬಂದೆ.

ಮಧ್ಯಾಹ್ನ ಇಲಿಯಕ್ಕನ ಕೈಗೆ ಒಂದು ಕಾಗದ ಬಂತು. ಹೊಸ ಚೀಲದ ಮೇವನ್ನು ಪರೀಕ್ಷೆಯ ಆ ಹತ್ತು ಇಲಿಗಳಿಗೆ ಅಜಾಗರೂಕತೆಯಿಂದ ಹಾಕಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅವರ ಸಹಿಗೆ ಜಾಗ. ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತೇವೆ, ಕೆಲಸಕ್ಕೇನೂ ಧಕ್ಕೆಯಿಲ್ಲ ಎಂದು ಕಚೇರಿಯವರು ಸಮಾಧಾನವನ್ನೂ ಹೇಳಿದರಂತೆ. ಇಲಿಯಕ್ಕ ಅದನ್ನು ಎರಡು ಸಲ ಓದಿ, ನಾಲ್ಕಾಗಿ ಮಡಚಿ ಮನೆಗೆ ಒಯ್ದರು.

ಮನೆಯಲ್ಲಿ ಆದದ್ದನ್ನು ಅವರೇ ಆಮೇಲೆ ನನಗೆ ಹೇಳಿದರು. ಗಂಡ ಬಸ್ಸು ಓಡಿಸುವವರು, ಸಾಧು ಮನುಷ್ಯ. ಒಂದು ಸಹಿ ತಾನೆ, ಹಾಕಿ ಕೈ ತೊಳೆದುಕೋ, ದೊಡ್ಡವರ ಎದುರು ನಿಂತು ಗೆದ್ದವರುಂಟೇ ಎಂದರು. ಅತ್ತೆ ಗೋಡೆಗೊರಗಿ ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು. ಹತ್ತೊಂಬತ್ತು ವರ್ಷ ಸೊಸೆಯ ಈ ಕೆಲಸವನ್ನು ಹಳಿದವರು ಅವರು. ಇಲಿ ಮುಟ್ಟಿ ಬಂದವಳು ಸ್ನಾನ ಮಾಡದೆ ಒಲೆ ಮುಟ್ಟುವಂತಿರಲಿಲ್ಲ. ಸೊಸೆಯನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ.

"ನೀನು ಮೇವು ತಪ್ಪು ಹಾಕಿದ್ಯಾ?"

"ಇಲ್ಲ ಅತ್ತೆ."

"ಆ ಗುಳಿಗೆ ಯಾವುದಕ್ಕೆ?"

"ಮೊಣಕಾಲು ನೋವಿಗೆ."

"ಅಂದ್ರೆ ನಾಳೆ ನನ್ನ ಹೊಟ್ಟೆಗೇ ಬರೋದು. ಸಹಿ ಹಾಕಿದ್ರೆ ನಿನ್ನ ಕೈಯಿಂದ ನಾನು ನೀರೂ ಕುಡಿಯಲ್ಲ, ನೋಡು."

ಗಂಡ ಅಮ್ಮನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಕಾಗದವನ್ನು ಮತ್ತೆ ಮಡಚಿ ಹೆಂಡತಿಯ ಚೀಲದೊಳಗೆ ಇಟ್ಟರು.

ಮರುದಿನ ನಿರ್ದೇಶಕರು ನನ್ನನ್ನು ವರದಿಗಾಗಿ ಕರೆಸಿದ್ದರು. ನಾನು ಅಲ್ಲಿರುವಾಗಲೇ ಇಲಿಯಕ್ಕ ಬಂದು ಕಾಗದವನ್ನು ಮೇಜಿನ ಮೇಲಿಟ್ಟರು. ಸಹಿಯ ಜಾಗ ಖಾಲಿಯಿತ್ತು.

"ನಾನು ಮಾಡದ ತಪ್ಪಿಗೆ ಸಹಿ ಹಾಕಲ್ಲ ಸಾರ್. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದಾ?"

ಹೊಸ ಚೀಲಗಳ ಬಾಯಿ ಇನ್ನೂ ಬಿಚ್ಚಿಲ್ಲ, ಬಂದು ನೋಡಿ ಎಂದರು. ಅವರು ಒಮ್ಮೆಯೂ ದನಿ ಏರಿಸಲಿಲ್ಲ. ನಿರ್ದೇಶಕರು, ಬಿಚ್ಚಿದ ಚೀಲವನ್ನು ಮತ್ತೆ ಹೊಲಿದಿಡಬಹುದು, ಅದು ಯಾವುದಕ್ಕೂ ಸಾಕ್ಷಿಯಾಗುವುದಿಲ್ಲ, ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದರು.

"ಅದನ್ನೇ ನೋಡ್ತಾ ಇದೀನಿ. ಹೊಸ ಇಲಿ ತರಿಸಿ, ಇನ್ನೊಂದು ಸಲ ಮಾಡಿ. ಮೇವಿನ ಚೀಲಕ್ಕೆ ನೀವೇ ಮೊಹರು ಹಾಕಿ, ನೀವೇ ತೂಗಿ ಹಾಕಿ. ನಾನು ಬಾಗಿಲ ಹೊರಗೆ ಕೂತಿರ್ತೀನಿ. ಆಗಲೂ ಗೆರೆ ಎದ್ರೆ ಯಾರ ಸಹಿ ತಗೋತೀರಿ?"

ಉತ್ತರ ಸಂಜೆಗೆ ಆದೇಶದ ರೂಪದಲ್ಲಿ ಬಂತು. ಇಲಿಯಕ್ಕನನ್ನು ಪ್ರಾಣಿಮನೆಯಿಂದ ತೆಗೆದು ಗಾಜಿನ ಪಾತ್ರೆ ತೊಳೆಯುವ ಕೋಣೆಗೆ ಹಾಕಿದರು.

ಅವರು ಅಳುತ್ತ ಕೂರಲಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆಲ್ಲ ಒಪ್ಪಿಗೆ ಕೊಡುವ ಸಮಿತಿಯೊಂದಿದೆ. ಅದರಲ್ಲಿ ಹೊರಗಿನವರೂ ಇರುತ್ತಾರೆ. ಆ ಸಮಿತಿಗೆ ತಮ್ಮ ಕೈಯಲ್ಲೇ ಎರಡು ಪುಟದ ಪತ್ರ ಬರೆದರು. ಹತ್ತು ಇಲಿಗಳನ್ನು ಪರೀಕ್ಷೆಗೆ ಬಳಸಿ, ಕೊನೆಗೆ ಕೊಂದು, ಅವು ತೋರಿಸಿದ್ದನ್ನು ಕಸಕ್ಕೆ ಹಾಕುವುದಾದರೆ ಆ ಜೀವಗಳನ್ನು ತೆಗೆದದ್ದು ಯಾಕೆ ಎಂದು ಕೇಳಿದ್ದರು. ಮೇವಿನ ತೂಕ ಬರೆದ ಹಾಳೆಗಳ ನಕಲನ್ನೂ ಲಗತ್ತಿಸಿದ್ದರು. ಸಮಿತಿ ಎಲ್ಲರನ್ನೂ ಕರೆಯಿತು. ಸಭೆಯ ಹಿಂದಿನ ದಿನ ಇಲಿಯಕ್ಕ ಒದ್ದೆ ಕೈಯಲ್ಲೇ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು.

"ನಿಮ್ಮ ಯಂತ್ರ ಏನು ಹೇಳ್ತು ಅಂತ ಅಲ್ಲಿ ಬಂದು ಹೇಳ್ತೀರಾ, ಇಲ್ಲಾ ಅದೂ ನನ್ನ ಪಾಲಿಗೇ ಬಿಡ್ತೀರಾ?"

ಮರುದಿನ ಹಾಳೆಗಳನ್ನು ಹಿಡಿದು ಹೋದೆ. ಮೇವಿನ ಗೆರೆ ಅಲುಗಾಡಿಲ್ಲ, ಯಕೃತ್ತಿನ ಗೆರೆಗಳು ಎದ್ದಿವೆ, ಇದು ನನಗೆ ನಿರ್ದೇಶಕರ ಕೋಣೆಗೆ ಹೋದ ದಿನವೇ ಗೊತ್ತಿತ್ತು ಎಂದು ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಹೊರಗಿನಿಂದ ಬಂದಿದ್ದ ಪಶುವೈದ್ಯೆ ಕೇಳಿದರು. ಹೆದರಿದ್ದೆ ಎಂದೆ. ನಿರ್ದೇಶಕರು ನನ್ನತ್ತ ನೋಡಿದ ನೋಟ ಈಗಲೂ ನೆನಪಿದೆ. ಆದರೆ ಆ ಹೊತ್ತಿಗೆ ಅದು ನನ್ನನ್ನು ಏನೂ ಮಾಡಲಿಲ್ಲ.

ಪರೀಕ್ಷೆ ಮತ್ತೆ ಮೊದಲಿನಿಂದ ನಡೆಯಿತು. ಮೇವಿಗೆ ಮೊಹರು ಬಿತ್ತು, ತೂಗಿ ಹಾಕುವುದಕ್ಕೆ ಪಶುವೈದ್ಯೆಯೇ ಬಂದರು. ನಾಲ್ಕನೆಯ ದಿನ ಅವೇ ಗೆರೆಗಳು ಎದ್ದವು. ಈ ಸಲ ಅಲ್ಲಿಗೆ ನಿಲ್ಲಿಸದೆ ಮೂರು ವಾರ ಮುಂದುವರಿಸಿದರು. ಮೂರನೆಯ ವಾರ ರಕ್ತವೂ ಅದನ್ನೇ ಹೇಳಿತು. ಯಕೃತ್ತನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಧ್ಯಮ ಗುಂಪಿನಲ್ಲೂ ಜೀವಕೋಶಗಳು ಸತ್ತಿದ್ದವು. ಮನುಷ್ಯರ ಮೇಲೆ ಪರೀಕ್ಷೆಗೆ ಹೊರಟಿದ್ದ ಗುಳಿಗೆ ಅಲ್ಲಿಗೇ ನಿಂತಿತು.

ಇಲಿಯಕ್ಕನನ್ನು ಪ್ರಾಣಿಮನೆಗೆ ವಾಪಸು ಕರೆದರು. ನಿರ್ದೇಶಕರು ಆದದ್ದು ಆಯಿತು, ಇಲ್ಲಿಗೆ ಬಿಡೋಣ ಎಂದರಂತೆ. ಬಿಡೋಣ, ಆದರೆ ತಪ್ಪು ನನ್ನದಲ್ಲ ಅಂತ ಬರೆದು ಕೊಡಿ ಎಂದು ಇಲಿಯಕ್ಕ ಕುರ್ಚಿಯಲ್ಲೇ ಕೂತರು. ಒಂದು ಗಂಟೆ ಕಳೆದು ಕಾಗದ ಬಂತು. ತಪ್ಪು ಗ್ರಹಿಕೆಯಿಂದಾಗಿ ಹೊರಡಿಸಿದ ಆದೇಶವನ್ನು ಹಿಂತೆಗೆದುಕೊಳ್ಳಲಾಗಿದೆ ಎಂದಿತ್ತು. ಇಲಿಯಕ್ಕ ಓದಿ ಹಿಂದಕ್ಕೆ ಕೊಟ್ಟರು.

"ತಪ್ಪು ಗ್ರಹಿಕೆ ಯಾರದ್ದು ಅಂತ ಬರೆದಿಲ್ಲ ಸಾರ್."

ಎರಡನೆಯ ಸಲ ಬಂದದ್ದರಲ್ಲಿ ‘ನಿರ್ದೇಶಕರ’ ಎಂಬ ಪದ ಸೇರಿತ್ತು. ಅವರ ಕೆಳಗೆ ಕೆಲಸ ಮಾಡಿದವರಲ್ಲಿ ಅಂಥ ಕಾಗದ ಪಡೆದ ಇನ್ನೊಬ್ಬರನ್ನು ನಾನು ಕಾಣೆ.

ಇಲಿಯಕ್ಕನಿಗೆ ಬಡ್ತಿ ಸಿಗಲಿಲ್ಲ. ಕಂಪನಿಗೆ ಹೋದ ವರದಿಯಲ್ಲಿ ನನ್ನ ಹೆಸರಿತ್ತು, ಅವರದಿರಲಿಲ್ಲ. ಸೇರಿಸಬೇಕೆಂದು ನಾನು ಎರಡು ಸಲ ಬರೆದೆ; ಅಂಥ ಪದ್ಧತಿಯಿಲ್ಲ ಎಂಬ ಉತ್ತರ ಬಂತು. ಮೂರನೆಯ ಸಲ ಬರೆಯುತ್ತಿದ್ದೇನೆ ಎಂದು ಒಂದು ದಿನ ಊಟದ ಹೊತ್ತಿಗೆ ಅವರಿಗೆ ಹೇಳಿದೆ. ಇಲಿಯಕ್ಕ ಡಬ್ಬಿಯ ಮುಚ್ಚಳ ತೆಗೆದು ತಮ್ಮ ಊಟದಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿದರು.

"ಬರೀರಿ. ನೀವು ತಡವಾಗಿ ಬಾಯಿ ಬಿಟ್ಟಿದ್ದನ್ನ ನಾನು ಮರೆತಿಲ್ಲ. ಅದಕ್ಕೇ ಹೇಳ್ತೀನಿ, ನಿಲ್ಲಿಸಬೇಡಿ."